ಕೈಯಲ್ಲಿ ಆರು ಲಕ್ಷ, ಗೋಡೆ ತುಂಬ ಬೇಡಿಕೆ: ಯಾವ ಕೆಲಸ ಮೊದಲು?

ಶಿವಮೊಗ್ಗದ ನಾಲ್ವರ ಸಾಫ್ಟ್‌ವೇರ್ ತಂಡವೊಂದು ಅಡಿಕೆ ಸೊಸೈಟಿಗೆ ಆ್ಯಪ್ ಮಾಡಿಕೊಡಲು ಒಪ್ಪಿದೆ ಎಂದುಕೊಳ್ಳಿ. ಒಟ್ಟು 6 ಲಕ್ಷ ರೂಪಾಯಿ. ಎರಡು ವಾರದ ಒಂದು ಕೆಲಸದ ಸುತ್ತು, ಅಂದರೆ ಒಂದು ಸ್ಪ್ರಿಂಟ್‌ಗೆ ಎಲ್ಲ ಸೇರಿ 1 ಲಕ್ಷ ಖರ್ಚು. ಹಾಗಂತ ಆರು ಸ್ಪ್ರಿಂಟ್ ಲೆಕ್ಕ ಹಾಕಬೇಡಿ, ಐದೇ. ಆರನೆಯದು ಕೊಯ್ಲು ಶುರುವಾದ ಮೇಲೆ ಬರುವ ದೂರುಗಳಿಗೆ.

ಮೊದಲು ಬೆಲೆಚೀಟಿ. ಬೇಡಿಕೆಗೊಂದು ಕಾರ್ಡು ಬರೆದು, ಕೆಲಸ ಎಷ್ಟು ದೊಡ್ಡದೆಂದು ಅಂದಾಜಿಸಿ ಅದಕ್ಕೆ ಪಾಯಿಂಟ್ ಕೊಡಿ. ಸ್ಪ್ರಿಂಟಿಗೆ ಸರಾಸರಿ 20 ಪಾಯಿಂಟ್ ಮುಗಿದರೆ ಪಾಯಿಂಟಿಗೆ 5,000 ರೂಪಾಯಿ. ಪ್ರತಿ ಕಾರ್ಡಿನ ಮೂಲೆಯಲ್ಲಿ ಅದರ ಬೆಲೆ ಬರೆಯಿರಿ. ಪಾಯಿಂಟನ್ನು ದುಡ್ಡಿಗೆ ತಿರುಗಿಸಬಾರದು ಎಂಬ ತಕರಾರಿದೆ. ಕೆಲಸಗಾರರನ್ನು ಅಳೆಯಲು ಬಳಸಿದರೆ ಆ ತಕರಾರು ಸರಿಯೇ. ಆದರೆ ಆಡಳಿತ ಮಂಡಳಿಯ ಎದುರು '13 ಪಾಯಿಂಟ್' ಎಂದರೆ ಯಾರೂ ತಲೆ ಎತ್ತುವುದಿಲ್ಲ, '65 ಸಾವಿರ' ಎನ್ನಿ, ಕನ್ನಡಕ ತೆಗೆದು ನೋಡುತ್ತಾರೆ.

ಆಮೇಲೆ ಬೇಡಿಕೆಗಳನ್ನು ಆದ್ಯತೆಯಂತೆ ವಿಂಗಡಿಸುವ ಮಾಸ್ಕೊ (MoSCoW) ವಿಧಾನದ ನಾಲ್ಕು ಗುಂಪು: ಬೇಕೇಬೇಕು, ಇರಬೇಕು, ಇದ್ದರೆ ಒಳ್ಳೆಯದು, ಈ ಸಲ ಬೇಡ. ಮೊದಲ ಗುಂಪು ಒಟ್ಟು ಶ್ರಮದ ಶೇ 60 ದಾಟಕೂಡದು. ಇಲ್ಲಿ 100ರಲ್ಲಿ 60 ಪಾಯಿಂಟ್. ಕೇಳಿದರೆ ಎಲ್ಲವೂ ಬೇಕೇಬೇಕು ಎನ್ನುತ್ತಾರೆ. 'ಇದಿಲ್ಲದೆ ಆ್ಯಪನ್ನು ಒಂದು ದಿನವಾದರೂ ಬಳಸಬಹುದೇ?' ಎಂದು ಕೇಳಿ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಗೊರಬಲು, ಸರಕು ಬೇರೆಬೇರೆ ತೋರಿಸುವ ತೂಕದ ಚೀಟಿ ಇಲ್ಲದೆ ಆಗದು. ಬಣ್ಣಬಣ್ಣದ ಗ್ರಾಫ್ ಇಲ್ಲದೆ ಧಾರಾಳವಾಗಿ ಆಗುತ್ತದೆ.

ಹೆಚ್ಚಿನವರು ಎಡವುವುದು ಗುಂಪಿನೊಳಗಿನ ಸರದಿಯಲ್ಲಿ. ಪ್ರತಿ ಕಾರ್ಡಿಗೆ ಉಪಯೋಗ, ಅವಸರ, ಅಪಾಯ ತಗ್ಗಿಸುವ ಶಕ್ತಿ, ಈ ಮೂರಕ್ಕೂ 1, 2, 3, 5, 8, 13ರಲ್ಲಿ ಅಂಕ ಕೊಟ್ಟು, ಕೂಡಿ, ಕೆಲಸದ ಗಾತ್ರದಿಂದ, ಅಂದರೆ ಅದರ ಪಾಯಿಂಟಿನಿಂದ ಭಾಗಿಸಿ. ಹೆಚ್ಚು ಅಂಕದ್ದು ಮೊದಲು. 'ಇರಬೇಕು' ಗುಂಪಿನ ಎರಡು ಕಾರ್ಡು ನೋಡಿ. ದಿನದ ಧಾರಣೆಯ ಎಸ್ಸೆಮ್ಮೆಸ್: 8+5+1=14, ಗಾತ್ರ 3, ಅಂಕ 4.7. ನೆಟ್‌ವರ್ಕ್ ಇಲ್ಲದ ಊರಲ್ಲೂ ತೂಕ ದಾಖಲಿಸುವ ವ್ಯವಸ್ಥೆ: 8+13+8=29, ಗಾತ್ರ 13, ಅಂಕ 2.2. ಹೊಸನಗರದ ಒಳಹಳ್ಳಿಗಳಿಗೆ ತುರ್ತಾಗಿ ಬೇಕಾದ್ದೇ ಹಿಂದೆ ಬಿತ್ತು! ಅಂಕವನ್ನು ತಿದ್ದಬೇಡಿ, ಕೆಲಸವನ್ನು ಸೀಳಿ. ಸದ್ಯಕ್ಕೆ ಲೆಕ್ಕ ಮೊಬೈಲಲ್ಲೇ ಉಳಿಯಲಿ, ಗುಮಾಸ್ತರು ಸಿಗ್ನಲ್ ಸಿಕ್ಕಲ್ಲಿ ಬಟನ್ ಒತ್ತಿ ಕಳಿಸಲಿ. ಉಪಯೋಗ 5ಕ್ಕೆ ಇಳಿಯುತ್ತದೆ, ಗಾತ್ರವೂ 5. 26 ಭಾಗಿಸು 5, ಅಂಕ 5.2. ಎಸ್ಸೆಮ್ಮೆಸ್‌ಗಿಂತ ಮುಂದೆ ಬಂತು, 40 ಸಾವಿರ ಸದ್ಯಕ್ಕೆ ಉಳಿಯಿತು.

ಇದಕ್ಕೆ ತಿಂಗಳ ಬಾಡಿಗೆಯ ಟೂಲ್ ದಂಡ. ನಾಲ್ವರಿಗೆ ಒಂದು ಬೋರ್ಡ್ ಸಾಕು. ಅಂಟುಚೀಟಿ ಮಾತ್ರ ಬೇಡ, ಮಲೆನಾಡಿನ ಮಳೆಗಾಲಕ್ಕೆ ಬೆಳಗಾಗುವುದರೊಳಗೆ ಉದುರಿರುತ್ತದೆ, ಗುಂಡುಪಿನ್ನು ಹಾಕಿ.

ಪ್ರತಿ ಸ್ಪ್ರಿಂಟಿನ ಕೊನೆಗೆ ಅಂಕಗಳನ್ನು ಮತ್ತೆ ನೋಡಿ. ನಡುವೆ ಹೊಸ ಬೇಡಿಕೆ ಬಂದರೆ ಅಷ್ಟೇ ಬೆಲೆಯ ಹಳೇ ಕಾರ್ಡೊಂದನ್ನು ಸೊಸೈಟಿಯವರೇ ಕೈಯಾರೆ ಬೋರ್ಡಿನಿಂದ ಕೀಳಲಿ.