ಗೇಮ್ ಪಾತ್ರಕ್ಕೆ ಬೆಳಕು: ಬೆನ್ನ ಹಿಂದಿನ ದೀಪದಿಂದ ಶುರುಮಾಡಿ

ಬದಿಯಡ್ಕದ ಕಡೆಯ ನಾಲ್ಕೈದು ಹುಡುಗರು ರಜೆ ಬಂದರೆ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುತ್ತಾರೆ. ಗೇಮ್‌ನ ಪಾತ್ರವನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶಕ್ಕೆ ತಂದು, ಪೋಸ್ ಕೊಟ್ಟು, ಪೋಸ್ಟರ್ ಮಾಡುವ ಹುಚ್ಚು. ಪೋಸ್ ಚೆನ್ನಾಗಿಯೇ ಇರುತ್ತದೆ, ಕೆಡುವುದು ಬೆಳಕಿನಲ್ಲಿ. ಮೊನ್ನೆ ಒಬ್ಬನ ಚಿತ್ರದಲ್ಲಿ ಬೇಕಲ ಕೋಟೆಯಂಥ ಕೆಂಪುಕಲ್ಲಿನ ಗೋಡೆ, ಮುಂದೆ ಕತ್ತಿ ಹಿಡಿದ ಯೋಧ. ಕಾಲಬುಡದಲ್ಲಿ ಮೂರು ದಿಕ್ಕಿಗೆ ಮೂರು ನೆರಳು, ಮುಖ ಸುಣ್ಣ ಬಳಿದ ಹಾಗೆ. ಕತ್ತಲೆ ಕಂಡಲ್ಲೆಲ್ಲ ಒಂದೊಂದು ಲೈಟ್ ಇಟ್ಟಿದ್ದ.

ಮೊದಲು ಪೋಸ್, ಕ್ಯಾಮೆರಾ ಎರಡನ್ನೂ ಪಕ್ಕಾ ಮಾಡಿ. ಆಮೇಲೆ ಇರುವ ಲೈಟ್‌ಗಳನ್ನೆಲ್ಲ ಅಳಿಸಿ. ವರ್ಲ್ಡ್, ಅಂದರೆ ದೃಶ್ಯದ ಸುತ್ತಲಿನ ಆವರಣದ ಬಣ್ಣವನ್ನೂ ಪೂರ್ತಿ ಕಪ್ಪು ಮಾಡಿ. ಅಲ್ಲಿ ಮೊದಲೇ ಇರುವ ಬೂದು ಬಣ್ಣ ಸುತ್ತಲಿನಿಂದ ಸಣ್ಣಗೆ ಬೆಳಕು ಚೆಲ್ಲಿ ನೆರಳಿನ ಕಸುವನ್ನೇ ತೆಗೆಯುತ್ತದೆ.

ಈಗ ಬೆನ್ನ ಹಿಂದಿನ ದೀಪ, ಅಂದರೆ ರಿಮ್ ಲೈಟ್. ಮುಖದ ದೀಪವನ್ನು ಮೊದಲು ಇಡಬೇಕೆಂದು ಹೇಳಿಕೊಡುವವರು ಬಹಳ. ನಾನು ಒಪ್ಪುವುದಿಲ್ಲ. ಮುಖ ಬೆಳಗಿತೆಂದರೆ ನಮ್ಮ ಕಣ್ಣು ಅಲ್ಲೇ ನಿಂತುಬಿಡುತ್ತದೆ, ಮೈಯ ಆಕಾರ ಹಿನ್ನೆಲೆಯಲ್ಲಿ ಕರಗಿಹೋಗಿದ್ದು ಗೊತ್ತೇ ಆಗುವುದಿಲ್ಲ. ರಾತ್ರಿ ಭೂತಕೋಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತೆಂಗಿನ ಮಡಲಿನ ಸೂಟೆ (ಪಂಜು) ಹಿಂದುಗಡೆ ಉರಿಯುವಾಗ ಮೊದಲು ಕಾಣುವುದು ಬೆನ್ನಿಗೆ ಕಟ್ಟಿದ ಅಣಿಯ ಅಂಚು, ಮುಖ ಆಮೇಲೆ.

ಚಿಕ್ಕ ಏರಿಯಾ ಲೈಟ್ (ಹಲಗೆಯಂತೆ ಚಪ್ಪಟೆಯಾದ ದೀಪ) ಸಾಕು. ಪಾತ್ರದ ಹಿಂದೆ, ಒಂದು ಬದಿಗೆ, ತಲೆಗಿಂತ ಎತ್ತರದಲ್ಲಿ, ಫ್ರೇಮಿನ ಹೊರಗೆ ಇಡಿ. ಕ್ಯಾಮೆರಾ ನೋಟದಲ್ಲೇ ನೋಡುತ್ತ ನಿಧಾನಕ್ಕೆ ಸರಿಸಿ. ಮೂಗಿನ ತುದಿಗೆ ಬೆಳಕು ತಾಗಿದರೆ ದೀಪ ಮುಂದೆ ಬಂದಿದೆ ಎಂದರ್ಥ, ಹಿಂದಕ್ಕೆ ತಳ್ಳಿ. ಕಿವಿಯ ಅಂಚು, ಭುಜ, ಕತ್ತಿಯ ಅಲಗು, ಇಷ್ಟರ ಮೇಲೆ ನೂಲಿನಷ್ಟು ತೆಳು ಗೆರೆ ಬರಬೇಕು. ಎರಡೂ ಭುಜಕ್ಕೆ ಗೆರೆ ಹಾಕಲೇಬೇಡಿ, ಪಾತ್ರ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ವ್ಯಾಟ್ ಏರಿಸಲು ಹೆದರಬೇಡಿ. ಬ್ಲೆಂಡರ್‌ನ ಹೊಸ ಫೈಲ್ ಜೊತೆ ಬರುವ ಪಾಯಿಂಟ್ ಲೈಟೇ 1000 ವ್ಯಾಟ್‌ನದ್ದು, ಅಂಗಡಿಯ 9 ವ್ಯಾಟ್ ಎಲ್‌ಇಡಿ ಬಲ್ಬಿನ ಲೆಕ್ಕ ಇಲ್ಲಿ ನಡೆಯದು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ದೀಪ ಸರಿಸಿದಾಗಲೆಲ್ಲ ವ್ಯಾಟ್ ಮತ್ತೆ ನೋಡಿ. ನೆಲದ ಮೇಲೆ ಬಿಳಿ ಮಚ್ಚೆ ಬಿತ್ತೇ? ಬ್ಲೆಂಡರ್ 4.0 ಆವೃತ್ತಿಯಿಂದ ಅದರ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ಲೈಟ್ ಲಿಂಕಿಂಗ್ ಇದೆ, ಆ ದೀಪ ಪಾತ್ರಕ್ಕೆ ಮಾತ್ರ ತಾಗುವಂತೆ ಮಾಡಬಹುದು.

ಗೆರೆ ಅಗಲವಾಗಿ, ಬಟ್ಟೆಯೂ ಎಣ್ಣೆ ಸವರಿದಂತೆ ಹೊಳೆದರೆ ದೀಪವನ್ನು ಬೈಯಬೇಡಿ. ಗೇಮ್‌ನಿಂದ ತಂದ ಮಾಡೆಲ್‌ನ ರಫ್‌ನೆಸ್ ಟೆಕ್ಸ್‌ಚರ್ (ಮೇಲ್ಮೈ ಎಲ್ಲಿ ಒರಟು, ಎಲ್ಲಿ ನುಣುಪು ಎಂದು ಹೇಳುವ ಚಿತ್ರ) ತೆರೆದು ನೋಡಿ. ಅದರ ಕಲರ್ ಸ್ಪೇಸ್ ನಾನ್-ಕಲರ್ ಇರಬೇಕು. ಬಣ್ಣದ ಚಿತ್ರಗಳಿಗೆಂದೇ ಇರುವ ಎಸ್‌ಆರ್‌ಜಿಬಿ ಇದ್ದರೆ ಹೊಳಪಿನ ಲೆಕ್ಕವೇ ತಪ್ಪುತ್ತದೆ. ಈ ಒಂದು ತಪ್ಪಿಗೆ ಹುಡುಗರು ಗಂಟೆಗಟ್ಟಲೆ ಲೈಟ್ ತಿರುಗಿಸುತ್ತ ಕೂತದ್ದನ್ನು ನೋಡಿದ್ದೇನೆ.

ಮುಖದ ದೀಪ ಎಲ್ಲಿಡಬೇಕೆಂದು ಚಿತ್ರದ ಕಥೆಯೇ ಹೇಳುತ್ತದೆ. ಗೋಡೆಯಲ್ಲಿ ಪಂಜು ಇದ್ದರೆ ಪಂಜಿನ ಕಡೆಯಿಂದಲೇ ಬೆಳಕು ಬರಲಿ. ಉಷ್ಣತೆಯನ್ನು ಬಣ್ಣವಾಗಿಸುವ ಬ್ಲ್ಯಾಕ್‌ಬಾಡಿ ನೋಡ್‌ನಲ್ಲಿ 1900 ಕೆಲ್ವಿನ್ ಆಸುಪಾಸು ಇಟ್ಟರೆ ಬೆಂಕಿಯ ಬಣ್ಣ ಬರುತ್ತದೆ, ಹಿಂದಿನ ದೀಪಕ್ಕೆ ತಣ್ಣನೆಯ ನೀಲಿ ಕೊಡಿ. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ ಕಾಣದಿದ್ದರೆ ಅದಕ್ಕೆಂದೇ ಪುಟ್ಟ ದೀಪವೊಂದನ್ನು ಕ್ಯಾಮೆರಾ ಪಕ್ಕದಲ್ಲಿಡಿ. ಚುಕ್ಕೆ ಇಲ್ಲದ ಗೇಮ್ ಕಣ್ಣು ಗಾಜಿನ ಗೋಲಿ. ನೆರಳನ್ನು ತುಸು ತೆಳುಮಾಡಲು ಫಿಲ್ ಲೈಟ್ ಬೇಕೆನಿಸಿದರೆ ಒಂದೇ ಒಂದು.

ದುಡ್ಡು ಕೊಟ್ಟು ಲೈಟಿಂಗ್ ಪ್ಯಾಕ್ ಕೊಳ್ಳಬೇಡಿ. ನಾನೊಮ್ಮೆ ಕೊಂಡದ್ದರಲ್ಲಿ ಹನ್ನೆರಡು ದೀಪ, ಯಾವುದು ಏನು ಮಾಡುತ್ತಿದೆ ಎಂದು ತಿಳಿಯಲೇ ಇಲ್ಲ. ಹಗಲಿನ ದೃಶ್ಯಕ್ಕೆ ಪಾಲಿ ಹೇವನ್ ಜಾಲತಾಣದ ಉಚಿತ ಎಚ್‌ಡಿಆರ್‌ಐ (ಸುತ್ತಲಿನಿಂದ ಬೆಳಕು ಕೊಡುವ 360 ಡಿಗ್ರಿ ಚಿತ್ರ) ಚೆನ್ನಾಗಿ ಒದಗುತ್ತದೆ, ರಾತ್ರಿಗೆ ಅದನ್ನು ನಂಬಬೇಡಿ. ಬ್ಲೆಂಡರ್ ಬದಲು ಸೋರ್ಸ್ ಫಿಲ್ಮ್‌ಮೇಕರ್ ಎಂಬ ತಂತ್ರಾಂಶ ಬಳಸುವವರಿಗೂ ಇದೇ ಕ್ರಮ. ಅಲ್ಲಿ ಫಿಲ್ ಲೈಟ್‌ನ ನೆರಳನ್ನು ಆಫ್ ಮಾಡಿಬಿಡಿ.

ರೆಂಡರ್ ಆಗಿ ಅಂತಿಮ ಚಿತ್ರ ಬಂದ ಮೇಲೆ ಅದನ್ನು ಕಪ್ಪು-ಬಿಳುಪು ಮಾಡಿ, ಫೋನಿನಲ್ಲಿ ಹೆಬ್ಬೆರಳಿನಷ್ಟು ಕುಗ್ಗಿಸಿ ನೋಡಿ. ಕತ್ತಿ ಎಲ್ಲಿದೆ, ಮುಖ ಯಾವ ಕಡೆಗಿದೆ ಎಂದು ತಟ್ಟನೆ ತಿಳಿಯದಿದ್ದರೆ ಹೊಸ ಲೈಟ್ ಸೇರಿಸದೆ ಬೆನ್ನ ಹಿಂದಿನ ದೀಪಕ್ಕೇ ವಾಪಸ್ ಹೋಗಿ.