ಐದಡಿ ಅಕ್ವೇರಿಯಂ ಇರುವ ಹಾಲ್‌ಗೆ ಹೊಸ ನೆಲ ಹಾಕಿಸಿದ್ದು ಹೀಗೆ

ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿರುವ ಟ್ಯಾಂಕ್ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಪೂರ್ತಿ ತುಂಬಿದರೆ 560 ಲೀಟರ್‌ಗೂ ಜಾಸ್ತಿ ನೀರು. 12 ಮಿ.ಮೀ. ಗಾಜಿನ ತೂಕವೇ ನೂರು ಕೆಜಿ ದಾಟುತ್ತದೆ. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡ್ ಎಲ್ಲ ಸೇರಿದರೆ ಮುಕ್ಕಾಲು ಟನ್ ಹತ್ತಿರ ಹೋಗುತ್ತದೆ. ಒಳಗೆ ಎರಡು ಆಸ್ಕರ್, ಒಂದು ದೊಡ್ಡ ಸಕ್ಕರ್ ಮೀನು. ಕೆಳಗೆ ಹಳೆಯ ಮೊಸಾಯಿಕ್ ನೆಲ. ಅಲ್ಲಲ್ಲಿ ಬಿರುಕು, ತಟ್ಟಿದರೆ ಟೊಳ್ಳು ಸದ್ದು.

ಮೇಸ್ತ್ರಿ ಬಂದು ನೋಡಿದವರೇ, "ಸರ್, ಇದನ್ನ ಅಲ್ಲಾಡಿಸೋದು ಬೇಡ. ಇಲ್ಲೇ ಬಿಟ್ಟು ಸುತ್ತ ಟೈಲ್ಸ್ ಹಾಕಿಬಿಡ್ತೀವಿ" ಅಂದರು. ಕೇಳಲು ಸುಲಭ ಅನಿಸುತ್ತದೆ. ಆದರೆ ನಾನು ಒಪ್ಪಲಿಲ್ಲ. ಮೊಸಾಯಿಕ್ ಒಡೆಯುವ ಬ್ರೇಕರ್‌ನ ಅದುರು ನೆಲದ ಮೂಲಕ ನೇರವಾಗಿ ಸ್ಟ್ಯಾಂಡ್‌ಗೆ, ಅಲ್ಲಿಂದ ಗಾಜುಗಳನ್ನು ಅಂಟಿಸಿರುವ ಸಿಲಿಕೋನ್ ಜೋಡಣೆಗೆ ಹೋಗುತ್ತದೆ. ಸಿಮೆಂಟ್ ಧೂಳು ನೀರಿಗೆ ಬಿದ್ದರೆ ಪಿಎಚ್, ಅಂದರೆ ನೀರಿನ ಕ್ಷಾರ ಗುಣ ಏರುತ್ತದೆ. ಪಿಎಚ್ ಏರಿದಷ್ಟೂ ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ಅಮೋನಿಯಾ ಮೀನಿಗೆ ಹೆಚ್ಚು ವಿಷವಾಗುತ್ತದೆ. ಏರ್ ಪಂಪ್ ಅಂತೂ ಕೋಣೆಯ ಧೂಳನ್ನೇ ಎಳೆದು ನೀರಿಗೆ ಊದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಟ್ಟಿ ನೆಲ ಬೇಕಾಗಿದ್ದೇ ಆ ಟ್ಯಾಂಕ್ ಕೆಳಗೆ. ಅದೊಂದೇ ಜಾಗ ಹಳೆಯದಾಗಿ ಉಳಿದರೆ ಈ ಕೆಲಸ ಮಾಡಿಸಿ ಏನು ಪ್ರಯೋಜನ?

ಹಾಗಾಗಿ ಟ್ಯಾಂಕ್ ಖಾಲಿ ಮಾಡಿಯೇ ಕೆಲಸ ಎಂದು ನಿರ್ಧಾರವಾಯಿತು. ಸ್ವಲ್ಪ ನೀರು ಬಿಟ್ಟುಕೊಂಡು ಜರುಗಿಸಬಹುದಲ್ವಾ ಎಂದು ಕೇಳುವವರು ಬಹಳ ಜನ. ದಯವಿಟ್ಟು ಬೇಡ. ನೀರು ತುಳುಕಿ ಭಾರ ಒಂದು ಕಡೆಗೆ ವಾಲುತ್ತದೆ, ಗಾಜು ತಿರುಚಿಕೊಳ್ಳುತ್ತದೆ. ಆಗ ಬಿಡುವ ಜೋಡಣೆ ಆ ಕ್ಷಣಕ್ಕೆ ಕಾಣುವುದಿಲ್ಲ, ವಾರ ಕಳೆದ ಮೇಲೆ ಸೋರುತ್ತದೆ.

ಮೀನು ಹಿಡಿಯುವುದು ಕಷ್ಟವಲ್ಲ. ಹಿಂದಿನ ದಿನವೇ ಆಹಾರ ನಿಲ್ಲಿಸಿದ್ದೆ. ಹೊಟ್ಟೆ ಖಾಲಿ ಇದ್ದರೆ ಟಬ್‌ನ ನೀರು ಬೇಗ ಕೆಡುವುದಿಲ್ಲ. ಸಕ್ಕರ್‌ನ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಪ್ಲಾಸ್ಟಿಕ್ ಡಬ್ಬದಲ್ಲೇ ಹಿಡಿಯಬೇಕು. ಆಸ್ಕರ್‌ಗಳು ಹೊಸ ಜಾಗದಲ್ಲಿ ಮುನಿಸಿಕೊಂಡು ಪಕ್ಕಕ್ಕೆ ವಾಲಿ ಮಲಗುತ್ತವೆ. ಗಾಬರಿಯಾಗಬೇಡಿ, ಅವುಗಳ ಸ್ವಭಾವ ಅದು. ಟಬ್‌ನಿಂದ ಹಾರದಂತೆ ಮೇಲೆ ಜಾಲರಿ ಕಟ್ಟಿದರೆ ಸಾಕು.

ನಿಜವಾಗಿ ಕಾಪಾಡಬೇಕಾದ್ದು ಫಿಲ್ಟರ್. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಅಷ್ಟೇನೂ ಹಾನಿ ಮಾಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಹೆಚ್ಚಾಗಿ ಫಿಲ್ಟರ್‌ನ ಸ್ಪಾಂಜ್ ಮತ್ತು ಸೆರಾಮಿಕ್ ರಿಂಗ್‌ಗಳಲ್ಲಿ. ಅವಕ್ಕೆ ಸದಾ ಆಮ್ಲಜನಕವಿರುವ ನೀರು ಹರಿಯುತ್ತಿರಬೇಕು. ಕೆಲವು ಗಂಟೆ ಫಿಲ್ಟರ್ ನಿಂತರೆ ಮುಚ್ಚಿದ ಡಬ್ಬದಲ್ಲಿ ಅವು ಸಾಯಲು ಶುರುವಾಗುತ್ತವೆ. ಆಸ್ಕರ್‌ನಂಥ ಹೊಟ್ಟೆಬಾಕ ಮೀನಿರುವ ಟ್ಯಾಂಕ್‌ಗೆ ಇದು ದೊಡ್ಡ ಅಪಾಯ.

ಆದ್ದರಿಂದ ಬೆಡ್‌ರೂಮಿನಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸಿ ಮೇಲೆ ದೊಡ್ಡ ಟಬ್ ಇಟ್ಟೆ. ನನ್ನದು ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಟ್ಯಾಂಕ್‌ನ ಹೊರಗೆ ಕೆಳಗಡೆ ಇಡುವ ಮುಚ್ಚಿದ ಡಬ್ಬ. ಅದಕ್ಕೆ ನೀರು ಮೇಲಿನಿಂದ ಇಳಿದು ಬರಬೇಕು. ಟಬ್ ನೆಲದ ಮೇಲಿದ್ದರೆ ಅದು ಸರಿಯಾಗಿ ಓಡುವುದಿಲ್ಲ. ಹಳೆಯ ನೀರನ್ನೇ ಟಬ್‌ಗೆ ತುಂಬಿ, ಮೀನು ಬಿಟ್ಟು, ತಕ್ಷಣ ಫಿಲ್ಟರ್ ಹಾಕಿದೆ. ಏರ್ ಪಂಪ್ ಅನ್ನು ಯುಪಿಎಸ್ ಲೈನ್‌ಗೆ ಕೊಟ್ಟೆ. ಟೈಲ್ಸ್ ಕಟರ್ ಆನ್ ಮಾಡಿದಾಗ ಎಂಸಿಬಿ ಸ್ವಿಚ್ ಬಿದ್ದು ಕರೆಂಟ್ ಹೋಗುವುದು ಮಾಮೂಲಿ. ಕೆಲಸದವರು ಅದನ್ನು ಎತ್ತುವವರೆಗೂ ಮೀನಿಗೆ ಗಾಳಿ ಬೇಕಲ್ಲ.

ಇನ್ನು ನೆಲ. ನನ್ನ ಹೆಂಡತಿಗೆ ಮರದ ನೆಲದ ಆಸೆ. ಲ್ಯಾಮಿನೇಟ್ ಹಾಕಿದರೆ ನೀರು ಬದಲಿಸುವಾಗ ಚೆಲ್ಲಿದ್ದು ಸಂದಿಗೆ ಇಳಿದು ಹಲಗೆ ಉಬ್ಬುತ್ತದೆ. ಅದಕ್ಕೆ ಮರದ ವಿನ್ಯಾಸದ ಮ್ಯಾಟ್ ವಿಟ್ರಿಫೈಡ್ ಟೈಲ್ಸ್ ಆರಿಸಿದೆವು. ಅದು ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ. ಮ್ಯಾಟ್ ಆದ್ದರಿಂದ ಜಾರುವುದೂ ಕಡಿಮೆ. ಟ್ಯಾಂಕ್ ಮೂಲೆಗೆ ಮಾತ್ರ ಟೈಲ್ಸ್ ಬೇಡ ಎಂದೆ. ಸ್ಟ್ಯಾಂಡ್‌ನ ಭಾರವೆಲ್ಲ ಕಾಲುಗಳ ಮೇಲೆ ನಿಲ್ಲುತ್ತದೆ. ಟೈಲ್ಸ್ ಅಡಿಯಲ್ಲಿ ಎಲ್ಲಾದರೂ ಟೊಳ್ಳು ಉಳಿದರೆ ಅಲ್ಲೇ ಬಿರುಕು. ಅಲ್ಲಿಗೆ ಒಂದೇ ತುಂಡಿನ 20 ಮಿ.ಮೀ. ಗ್ರಾನೈಟ್ ಹಾಕಿಸಿದೆ, ಅಡಿಗೆ ಎಲ್ಲೂ ಖಾಲಿ ಬಿಡದೆ ಗಾರೆ ತುಂಬಿಸಿ.

ಮೇಸ್ತ್ರಿಗಳು ಅಭ್ಯಾಸದಂತೆ ನೆಲಕ್ಕೆ ಬಾಗಿಲ ಕಡೆ ವಾಟ ಕೊಡುತ್ತಾರೆ. ಟ್ಯಾಂಕ್ ಜಾಗದಲ್ಲಿ ಅದು ಆಗದು. ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು, ನಾನೇ ಪಕ್ಕದಲ್ಲಿ ಕೂತು ನೋಡಿಕೊಂಡೆ. ಈ ಮೂಲೆಯನ್ನೇ ಮೊದಲು ಹಾಕಿಸಿದ್ದು ಬೇಕೆಂತಲೇ. ಗಾರೆಗೆ ಪೂರ್ತಿ ಬಲ ಬರಲು 28 ದಿನ ಬೇಕು. ಅಷ್ಟು ದಿನ ಆಸ್ಕರ್‌ಗಳನ್ನು ಟಬ್‌ನಲ್ಲಿ ಇಡಲಾಗದು. ಆದರೆ ಮೊದಲ ವಾರದಲ್ಲೇ ಅರ್ಧಕ್ಕಿಂತ ಜಾಸ್ತಿ ಬಲ ಬಂದಿರುತ್ತದೆ. ಉಳಿದ ಕೋಣೆ ಮುಗಿಯುವಷ್ಟರಲ್ಲಿ ಆ ಮೂಲೆಗೆ ಕ್ಯೂರಿಂಗ್‌ಗೆ ಸಮಯ ಸಿಕ್ಕಿತು.

ಕೊನೆಯಲ್ಲಿ ಕಲೆ ತೆಗೆಯಲು ಕೆಲಸದವರು ಆಸಿಡ್ ಸುರಿಯುತ್ತಾರೆ. ನಾನು ಮೊದಲ ದಿನವೇ ಹೇಳಿದ್ದೆ, ಮೀನಿರುವ ಈ ಮನೆಯಲ್ಲಿ ಆಸಿಡ್ ಬೇಡ, ಒದ್ದೆ ಸ್ಪಾಂಜ್‌ನಲ್ಲಿ ಆಗಾಗಲೇ ಒರೆಸಿ ಎಂದು. ಸಿಮೆಂಟ್ ಮೀನಿನ ನೀರಿಗೆ ಸೇರದಿರಲಿ ಎಂದು ಅವರ ಬಕೆಟ್, ನನ್ನ ಬಕೆಟ್ ಬೇರೆ ಬೇರೆ.

ಖಾಲಿ ಟ್ಯಾಂಕನ್ನು ನಾಲ್ಕು ಜನ ತಳಕ್ಕೆ ಕೈ ಕೊಟ್ಟು ಎತ್ತಿದೆವು. ಸ್ಟ್ಯಾಂಡ್ ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್, ಆಮೇಲೆ ಟ್ಯಾಂಕ್. ಮೊದಲು ಅರ್ಧ ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಜೋಡಣೆಗಳ ಮೇಲೆ ಒಣ ಟಿಶ್ಯೂ ಒತ್ತಿ ನೋಡಿ, ಮತ್ತೆ ರಸಮಟ್ಟ ಇಟ್ಟು, ಉಳಿದದ್ದು ತುಂಬಿಸಿದೆ. ಮರಳನ್ನು ಟ್ಯಾಂಕ್‌ನಿಂದ ತೆಗೆದಾಗಲೇ ತೊಳೆದಿಟ್ಟಿದ್ದೆ, ಕೊಳೆ ಕೂತ ಮರಳನ್ನು ಹಾಗೇ ಹಾಕಿದರೆ ಅಮೋನಿಯಾ ಏರುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಹೈಪೊ (ಸೋಡಿಯಂ ಥಯೋಸಲ್ಫೇಟ್) ಹಾಕಿದೆ. ಮೀನು ಮತ್ತು ಫಿಲ್ಟರ್ ಒಟ್ಟಿಗೇ ವಾಪಸ್ ಬಂದವು. ಮೊದಮೊದಲು ಆಹಾರ ಅರ್ಧಕ್ಕಿಳಿಸಿ, ಪ್ರತಿದಿನ ಕಿಟ್‌ನಲ್ಲಿ ಅಮೋನಿಯಾ ನೋಡುತ್ತಿದ್ದೆ. ಸೊನ್ನೆ ಬಿಟ್ಟು ಮೇಲೆ ಏರಲಿಲ್ಲ.

ಹಾಲ್ ಖಾಲಿ ಇರುವಾಗಲೇ ಎಲೆಕ್ಟ್ರಿಷಿಯನ್ ಕರೆಸಿ. ಟ್ಯಾಂಕ್ ಹಿಂದಿನ ಪ್ಲಗ್ ಪಾಯಿಂಟನ್ನು ನೀರಿನ ಮಟ್ಟಕ್ಕಿಂತ ಮೇಲೆ, ಒಂದು ಪಕ್ಕಕ್ಕೆ ಮಾಡಿಸಿಕೊಳ್ಳಿ. ವೈರ್ ಪ್ಲಗ್‌ಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಮೇಲೇರುವಂತಿರಲಿ, ತೊಟ್ಟಿಕ್ಕಿದ ನೀರು ಆ ಬಾಗಿನಲ್ಲೇ ಉದುರಿಹೋಗುತ್ತದೆ. ಟ್ಯಾಂಕ್ ತುಂಬಿಸಿದ ಮೇಲೆ ಆ ಗೋಡೆಗೆ ಕೈ ಹೋಗುವುದಿಲ್ಲ.