ಜಕ್ಕೂರು ಕೆರೆಯಲ್ಲಿ ನನ್ನ ವರ್ಷ ಶುರುವಾಗುವುದು ಆರಿದ್ರಾ ಮಳೆಗೆ

ಕೆರೆ ಹಕ್ಕಿ ನೋಡೋಕೆ ಯಾವಾಗ ಹೋಗಬೇಕು ಅಂತ ಬೆಂಗಳೂರಿನಲ್ಲಿ ಯಾರನ್ನೇ ಕೇಳಿ, ಡಿಸೆಂಬರ್ ಅನ್ನುತ್ತಾರೆ. ವಲಸೆ ಹಕ್ಕಿಗಳು ಆಗ ಬರುತ್ತವೆ, ನಿಜ. ಆದರೆ ನನಗೆ ಕೆರೆ ಅರ್ಥವಾಗಿದ್ದು ಮಳೆಗಾಲದಲ್ಲಿ. ವರ್ಷಪೂರ್ತಿ ಒಂದೇ ಕೆರೆಗೆ ಹೋಗುತ್ತಾ ಹೋದಂತೆ ಹಕ್ಕಿಗಿಂತ ನೀರಿನ ಮಟ್ಟ ನೋಡುವ ಅಭ್ಯಾಸವಾಯಿತು.

ನಾನು ಹೋಗುವುದು ಬೆಂಗಳೂರಿನ ಉತ್ತರ ಭಾಗದ ಜಕ್ಕೂರು ಕೆರೆಗೆ. ಸುಮಾರು 160 ಎಕರೆಯ ಕೆರೆ. ಮನೆಗೆ ಹತ್ತಿರ ಅನ್ನುವುದು ಒಂದು ಕಾರಣ. ಇನ್ನೊಂದು, ಇದು ಬೇಸಿಗೆಯಲ್ಲೂ ಬತ್ತುವುದಿಲ್ಲ. ಕೊಳಚೆ ನೀರು ಮೇಲ್ತುದಿಯ ಘಟಕದಲ್ಲಿ ಶುದ್ಧವಾಗಿ, ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಕೆರೆ ಸೇರುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕವನ್ನು ಜೊಂಡು ಒಂದಿಷ್ಟು ಹೀರಿಕೊಳ್ಳುತ್ತದೆ. ಈ ಜೌಗು ಇರುವ ಕಡೆಯೇ ಹಕ್ಕಿಗಳೂ ಜಾಸ್ತಿ. ಹಾಗಾಗಿ ನಾನು ಮೊದಲು ನಡೆಯುವುದು ಅತ್ತಲೇ.

ಲೆಕ್ಕ ಸರಳ. ಮೊಣಕಾಲು ಮುಳುಗದಷ್ಟು ನೀರಿದ್ದರೆ ಬಕ, ಬೆಳ್ಳಕ್ಕಿ, ಮೆಟ್ಟುಗಾಲು ಹಕ್ಕಿ. ಸ್ವಲ್ಪ ಆಳವಾದರೆ ಈಜಿ ಮುಳುಗುವ ನಾಮಕೋಳಿ, ಗುಳುಮುಳುಕ. ನಡು ಕೆರೆಯ ಆಳದಲ್ಲಿ ನೀರುಕಾಗೆ, ಹೆಜ್ಜಾರ್ಲೆ (ಪೆಲಿಕನ್). ಅಂಚು ಇಳಿಜಾರಾಗಿದ್ದರೆ ಎಲ್ಲರಿಗೂ ಜಾಗ. ಕೆರೆ ಅಭಿವೃದ್ಧಿ ಅಂತ ಹೂಳು ತೆಗೆದು, ಸುತ್ತ ಕಡಿದಾದ ಏರಿ ಕಟ್ಟಿ, ಬೋಗುಣಿಯಂತೆ ಮಾಡಿಬಿಟ್ಟರೆ ನಡೆದು ಮೇಯುವ ಹಕ್ಕಿಗೆ ಕಾಲಿಡಲು ಜಾಗವೇ ಇರುವುದಿಲ್ಲ. ವಾಕಿಂಗ್ ಮಾಡುವವರಿಗೆ ಅದು ಚೆಂದ ಕಾಣುತ್ತದೆ, ಅಷ್ಟೇ.

ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಕೆರೆಯ ಹಕ್ಕಿಗಳು ಬಣ್ಣ ಬದಲಿಸಿರುತ್ತವೆ. ವರ್ಷವೆಲ್ಲ ಮಣ್ಣಿನ ಬಣ್ಣದಲ್ಲಿ ಕೂತಿರುವ ಕೊಳದ ಬಕಕ್ಕೆ ಬೆನ್ನ ಮೇಲೆ ಕಡು ಕೆಂಪು ಗರಿ ಬಂದಿರುತ್ತದೆ. ಗೋವಕ್ಕಿಯ ತಲೆ, ಕುತ್ತಿಗೆ ಕಿತ್ತಳೆ. ಜೊಂಡಿನ ಒಳಗೆ ನೇರಳೆ ಜಂಬುಕೋಳಿಗಳ ಗಲಾಟೆ. ಇದು ಜೊಂಡಿನ ದಂಟು ಕಿತ್ತು, ಒಂದು ಕಾಲಲ್ಲಿ ಹಿಡಿದು ಕಚ್ಚಿ ತಿನ್ನುತ್ತದೆ. ಅದನ್ನು ನೋಡುತ್ತಾ ಅರ್ಧ ಗಂಟೆ ಸುಮ್ನೆ ನಿಂತದ್ದಿದೆ. ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಗೀಜಗ ಗೂಡು ಹೆಣೆಯುತ್ತಿರುತ್ತದೆ. ನೇಯುವುದು ಗಂಡು. ಅರ್ಧ ಆದ ಮೇಲೆ ಹೆಣ್ಣು ಬಂದು ನೋಡುತ್ತದೆ. ಅದಕ್ಕೆ ಒಪ್ಪಿಗೆಯಾಗದಿದ್ದರೆ ಗೂಡು ಅಲ್ಲಿಗೇ ನಿಲ್ಲುತ್ತದೆ.

ತೇಲುವ ಎಲೆಗಳಿರುವ ಕೆರೆಯಾದರೆ ಆ ಎಲೆಗಳ ಮೇಲೆ ನಡೆದಾಡುವ ಉದ್ದಬಾಲದ ಜಕಾನಾ ಹಕ್ಕಿ ಹುಡುಕಿ. ಆ ಚೆಂದದ ಬಾಲ ಇರುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಹತ್ತಿರ ಹೋಗುತ್ತದೆ. ಕಾವು ಕೂರುವುದು, ಮರಿ ಕಾಯುವುದು ಗಂಡಿನ ಪಾಲು. ಡಿಸೆಂಬರಿನಲ್ಲಿ ಬಂದವರಿಗೆ ಬಾಲವಿಲ್ಲದ ಮಂಕು ಹಕ್ಕಿ ಕಾಣುತ್ತದೆ. ಮಳೆಗಾಲ ಬಿಟ್ಟವರಿಗೆ ಆಗುವ ನಷ್ಟ ಇದು. ಮೋಡ ಇರುವುದರಿಂದ ಹತ್ತು ಗಂಟೆಯಾದರೂ ಕಣ್ಣಿಗೆ ಹೊಡೆಯುವ ಬಿಸಿಲಿಲ್ಲ. ಜಾರುವ ಏರಿಗೆ ಹಿಡಿತವಿರುವ ಚಪ್ಪಲಿ ಇದ್ದರೆ ಸಾಕು.

ಸೆಪ್ಟೆಂಬರಿನಲ್ಲಿ ಬೂದು ಸಿಪಿಲೆ ಕಾಲುವೆ ಅಂಚಿನಲ್ಲಿ ಬಾಲ ಕುಣಿಸುತ್ತಾ ಕಂಡರೆ ವಲಸೆ ಶುರುವಾಯಿತು ಅಂತ ಬರೆದುಕೊಳ್ಳುತ್ತೇನೆ. ಆದರೆ ಚಿತ್ತೆ, ಸ್ವಾತಿ ಮಳೆ ಜೋರಾಗಿ ಕೆರೆ ಕೋಡಿ ಬಿದ್ದರೆ ಅಂಚೆಲ್ಲ ಮುಳುಗುತ್ತದೆ, ಕೆಸರಿನಲ್ಲಿ ನಡೆದು ಮೇಯುವ ವಲಸೆ ಹಕ್ಕಿಗಳಾದ ಗೊರವಗಳು ಕಾಣುವುದಿಲ್ಲ. ಆ ದಿನಗಳಲ್ಲಿ ಮೀನು ಹಿಡಿಯುವವರ ತೆಪ್ಪ ನೋಡಿಕೊಂಡಿರುತ್ತೇನೆ. ಹೆಜ್ಜಾರ್ಲೆಗಳು ಅದರ ಹಿಂದೆಯೇ ಇರುತ್ತವೆ. "ಮೀನೆಲ್ಲಿ ಸೇರಿದೆ ಅಂತ ನಮಗಿಂತ ಮುಂಚೆ ಅವಕ್ಕೇ ಗೊತ್ತಾಗುತ್ತೆ ಅಕ್ಕಾ" ಅಂದಿದ್ದ ಒಬ್ಬ ಹುಡುಗ.

ಚಳಿಗಾಲದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಉತ್ತರದಿಂದ ಬಾತುಗಳು ಬರಬಹುದು. ಕೆರೆಯಲ್ಲೇ ಇರುವ ಚುಕ್ಕೆಕೊಕ್ಕಿನ ಬಾತನ್ನು ಮೊದಲು ಗುರುತು ಮಾಡಿಕೊಂಡರೆ ಬಂದವರು ಯಾರೆಂದು ತಾನಾಗಿ ಗೊತ್ತಾಗುತ್ತದೆ. ಪಟ್ಟೆತಲೆ ಹೆಬ್ಬಾತು ಬೇಕೆಂದರೆ ಮಾಗಡಿ ಕೆರೆಗೆ ಹೋಗಬೇಕು. ನಮ್ಮ ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆಯದು. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. 1987ರಿಂದ ನಡೆದು ಬಂದಿರುವುದು. ಗೊತ್ತಿರುವವರ ಜೊತೆ ಎಣಿಸುತ್ತಾ ನಡೆದರೆ ಪುಸ್ತಕದಲ್ಲಿ ಸಿಗದ ಎಷ್ಟೋ ಗುರುತುಗಳು ಕಲಿಯಲು ಸಿಗುತ್ತವೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ನೋಡುವ ಆಸೆಯಿದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಫೆಬ್ರುವರಿ, ಮಾರ್ಚಿನಲ್ಲಿ ಹೋಗಿ. ಅಲ್ಲಿ ಗೂಡು ಊರೊಳಗಿನ ಹುಣಸೆ ಮರದ ಮೇಲೇ ಇರುತ್ತದೆ.

ಬೇಸಿಗೆಯಲ್ಲಿ ನಾನು ಹೆಸರಘಟ್ಟಕ್ಕೂ ಹೋಗುತ್ತೇನೆ. ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ ಅದು. ನೀರು ಹಿಂದೆ ಸರಿದು ಕೆಸರು ತೆರೆದುಕೊಂಡಾಗ ಮೇಯುವ ಗೊರವಗಳಿಗೆ ಹಬ್ಬ. ಏಪ್ರಿಲ್ ದಾಟುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಉತ್ತರಕ್ಕೆ ಹೊರಟಿರುತ್ತವೆ. ಬಿಸಿಲೇರುವ ಮೊದಲೇ ಮುಗಿಸಿ. ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ನಿಂತರೆ ಸೂರ್ಯ ಬೆನ್ನಿಗೆ ಇರುತ್ತಾನೆ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪೇ ಅಲ್ವಾ? ಬೈನಾಕ್ಯುಲರ್ 8 ಇಂಟು 42ರದ್ದು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು ಸಾಕು. ಅದಕ್ಕಿಂತ ದೊಡ್ಡದಾದರೆ ಕೈ ನಡುಗುತ್ತದೆ.

ಮೇ ತಿಂಗಳ ಗುಡುಗು ಮಳೆಯಾದ ಮರುದಿನ ಕೆಲವು ಕೆರೆಗಳಲ್ಲಿ ಮೀನು ಸತ್ತು ತೇಲುತ್ತವೆ. ತಗ್ಗಿದ ನೀರಿಗೆ ರಸ್ತೆ, ಚರಂಡಿಯ ಕೊಳೆ ಒಮ್ಮೆಗೇ ನುಗ್ಗಿ, ಅದು ಕೊಳೆಯುವಾಗ ಆಮ್ಲಜನಕ ಖಾಲಿಯಾಗುತ್ತದೆ. ಹದ್ದುಗಳು ಗುಂಪುಗಟ್ಟಿ ಸುತ್ತುತ್ತಿದ್ದರೆ ಅದೇ ಕಾರಣ ಇರಬಹುದು. ಇಂಥ ಕಾಲದಲ್ಲೂ ಜನ ಮೀನಿಗೆ ಪುರಿ, ಬ್ರೆಡ್ ತಂದು ಸುರಿಯುತ್ತಾರೆ. ಅದೂ ನೀರಿನಲ್ಲೇ ಕೊಳೆಯುತ್ತದೆ. ದಯವಿಟ್ಟು ಹಾಕಬೇಡಿ, ಹಾಕುವವರಿಗೂ ಹೇಳಿ.